ಗಿಡ್ಡ ನಳಿಗೆ

ಕನಕಪುರದಲ್ಲಿ ಕೋವಿ ಅಂಗಡಿ ಇಟ್ಟಿದ್ದ ಆ ಮುದುಕರು ಈಗಿಲ್ಲ. ಯಾವ ಕೋವಿ ಕೈಗೆ ಬಂದರೂ ಮೊದಲು ನಳಿಗೆಯ ಬಾಯಿಗೆ ಕಿರುಬೆರಳು ತೂರಿಸಿ, ಬಾಗಿಲ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚುತ್ತಿದ್ದರು. ಬೆಳೆ ಕಾಯಲು ಲೈಸೆನ್ಸ್ ಪಡೆದು ಬಂದ ರೈತರಿಗೆಲ್ಲ ಅವರದು ಒಂದೇ ಮಾತು: "ಸದ್ದಾದ್ರೆ ಸಾಕು ಕಣಪ್ಪ."

ತೋಳ ನಮ್ಮ ಕುರಿಹಟ್ಟಿಗೆ ನುಗ್ಗಿ ಮೂರು ಮರಿ ಹೊತ್ತೊಯ್ದ ವಾರ ನಾನೂ ಅಲ್ಲಿಗೆ ಹೋದೆ. ಸಿಟ್ಟು ಇಳಿದಿರಲಿಲ್ಲ.

"ಕೋವಿ ಹನ್ನೆರಡು ಬೋರಿಂದೇ ಇರ್ಲಿ ಯಜಮಾನ್ರೇ, ನಳಿಗೆ ಮಾತ್ರ ಉದ್ದ ಬೇಕು. ದೂರದಿಂದ್ಲೇ ಉರುಳುಸ್ಬೇಕು ಅದ್ನ."

ಅವರು ಎಣ್ಣೆ ಬಟ್ಟೆ ಕೆಳಗಿಟ್ಟರು.

"ಕುರಿ ಸಾಕಿದ್ದಾಗ ನನ್ ಹತ್ರಾನೂ ಉದ್ದದ್ದೇ ಇತ್ತು. ಒಂದಿನ ಬೆಳಗಿನ ಮಂಜಲ್ಲಿ, ಹಿಪ್ಪುನೇರಳೆ ತೋಟದಿಂದ ತೋಳ ಕುರಿಮರಿ ಕಚ್ಕೊಂಡು ಈಚೆಗ್ ಬಂತು. ದೂರದಿಂದ್ಲೇ ಹೊಡ್ದುಬುಟ್ಟೆ. ಹತ್ರ ಹೋಗಿ ನೋಡುದ್ರೆ ನಮ್ ನಾಯಿ. ಹಿಂದಿನ ಸಂಜೆ ಮರಿ ತೋಟದಲ್ಲೇ ಉಳ್ಕೊಂಡಿತ್ತಂತೆ, ನಾನು ಎಣಿಸಿರ್ನಿಲ್ಲ. ನಾಯಿ ಅದ್ನ ಹುಡುಕ್ಕೊಂಡ್ ಬಂದಿತ್ತು."

"ಮರಿ?"

"ಬದುಕಿತ್ತು. ಒಂದು ಹಲ್ಲಿನ ಗುರುತೂ ಇರ್ನಿಲ್ಲ."

ಮೂಲೆಯಲ್ಲಿದ್ದ ಗಿಡ್ಡ ನಳಿಗೆಯ ಕೋವಿಯನ್ನು ತೆಗೆದು, ಕಿರುಬೆರಳು ತೂರಿಸಿ ನೋಡಿ, ನನ್ನ ಕೈಗಿಟ್ಟರು. ನಾನು ತೆಗೆದುಕೊಂಡು ಹೊರಟೆ. ಮೆಟ್ಟಿಲಿಳಿಯುವಾಗ ಹಿಂದಿನಿಂದ ಅವರ ದನಿ ಕೇಳಿತು. ನನ್ನನ್ನು ಕೇಳಿದಂತಿರಲಿಲ್ಲ.

"ತೋಳ ಆಗಿದ್ರೆ ಕಾಡಿನ ಕಡೀಕ್ ಓಡ್ಬೇಕಿತ್ತಲ್ವಾ? ಅದು ನಮ್ ಹಟ್ಟಿ ಕಡೀಕ್ ಬತ್ತಾ ಇತ್ತು."