ಕೈ ತಗೀರಿ

ಮಕ್ತುಮ ಕಾಕಾ ಲಾರಿಗಳ ಜೊತೆ ಅಂಗೈಯಿಂದಲೇ ಮಾತಾಡುತ್ತಿದ್ದ. ಗುಡಗೇರಿಯ ಕಾಳಿನ ಗೋದಾಮಿನ ಕಟ್ಟೆಗೆ ಲಾರಿ ಹಿಂದಕ್ಕೆ ಬರುವಾಗ ಅದರ ಹಿಂಬದಿಯ ಮೂಲೆಗೆ ಬಲಗೈಯಿಂದ ಬಡಿಯುತ್ತಿದ್ದ. ಒಂದೊಂದೇ ಏಟು ಬಿದ್ದರೆ ‘ಬಾ’ ಎಂದರ್ಥ. ಎರಡು ಏಟು ಕೂಡಿ ಬಿದ್ದರೆ ‘ನಿಲ್ಲು’. ಅದಕ್ಕೂ ಮೊದಲು ಹಮಾಲರ ಕಡೆ ತಿರುಗಿ, “ಕೈ ತಗೀರಿ!” ಎಂದು ಕೂಗುತ್ತಿದ್ದ. ಕಟ್ಟೆಯ ಮೇಲಿದ್ದವರೆಲ್ಲ ಎರಡೂ ಕೈ ಎತ್ತಿ ತೋರಿಸುವ ತನಕ ಲಾರಿ ಒಂದು ಗೇಣೂ ಸರಿಯುವಂತಿರಲಿಲ್ಲ. ಆ ದನಿಗೆ ರಸ್ತೆಯ ಈಚೆ ಚಹಾದಂಗಡಿಯಲ್ಲಿದ್ದ ನಾನೂ ಒಮ್ಮೆ ಕೆಟಲಿ ಕೆಳಗಿಟ್ಟು ಕೈ ಎತ್ತಿಬಿಟ್ಟಿದ್ದೆ.

“ನಿನ್ನ ಕೈ ಯಾಕಬೇ ಗಂಗವ್ವಾ? ನೀ ಚಾ ಸೋಸು!” ಎಂದು ನಕ್ಕಿದ್ದ.

“ಲಾರಿ ಅಂದ್ರ ಎತ್ತು ಇದ್ದಂಗ. ಮೈಮ್ಯಾಲೆ ಕೈ ಇಟ್ರ ಅದಕ್ಕ ತಿಳೀತೈತಿ” ಅನ್ನುವುದು ಅವನ ಮಾತು. ಎಲ್ಲ ಹಮಾಲರ ಕೈಗೂ ಗ್ಲಾಸು ಬರುವವರೆಗೆ ತಾನು ಚಹಾ ಮುಟ್ಟುತ್ತಿರಲಿಲ್ಲ. ಯಾಕೆಂದರೆ, “ಒಬ್ಬಾಂವ ಕುಡಿಯೂದು ಚಾ ಅಲ್ಲ, ಔಷಧ.” ಹೆಂಡತಿ ತೀರಿ ಮಗಳು ಗಂಡನ ಮನೆಗೆ ಹೋದ ಮೇಲೆ ಆ ಹಮಾಲರೇ ಅವನ ಮನೆಮಂದಿ.

ಆ ದಿನ ಬಂದ ಡ್ರೈವರ್ ಹೊಸಬ. ಗಾಜು ಏರಿಸಿ ಹಾಡು ಹಚ್ಚಿಕೊಂಡಿದ್ದ. ಕಾಕಾ ಕೂಗಿದ, ಎಲ್ಲರೂ ಕೈ ತೆಗೆದರು. ಕಟ್ಟೆ ಹತ್ತಿರ ಬಂದಾಗ ಎರಡು ಏಟು ಹಾಕಿದ. ಲಾರಿ ನಿಲ್ಲಲಿಲ್ಲ. ಮತ್ತೆ ಹಾಕಿದ. ಅವನ ಕೈ ಮೀರಿ ಯಾವ ಲಾರಿಯೂ ಬಂದಿರಲಿಲ್ಲ, ಹಾಗಾಗಿ ಕೈ ಹಿಂದೆಗೆಯುವುದು ಅವನಿಗೆ ಹೊಳೆಯಲೇ ಇಲ್ಲ. ಎಲ್ಲರ ಕೈ ತೆಗೆಸಿದವನ ಕೈ ಲಾರಿಗೂ ಕಟ್ಟೆಗೂ ನಡುವೆ ಉಳಿಯಿತು. ಹೆಬ್ಬೆರಳೊಂದು ಬಿಟ್ಟು ಉಳಿದ ಬೆರಳೆಲ್ಲ ಹೋದವು.

ಆಸ್ಪತ್ರೆಯಲ್ಲಿ ಗೋದಾಮಿನ ಸಾಹುಕಾರ ಡಾಕ್ಟರಿಗೆ, “ಮನ್ಯಾಗ ಮೇವು ಕತ್ತರಸೂ ಮಷೀನಿನ್ಯಾಗ ಸಿಕ್ಕೈತ್ರಿ” ಎಂದ. ಕಾಕಾನೂ “ಹೌದ್ರಿ” ಅಂದುಬಿಟ್ಟ. ಉಂಡ ಮನೆಯ ಜಂತಿ ಎಣಿಸಬಾರದಂತೆ! ಹಾಳಾಗಲಿ ಆ ಜಂತಿ. ಕಾಕಾನ ಮನೆಯಲ್ಲಿ ಒಂದು ಆಡಿನಮರಿಯೂ ಇರಲಿಲ್ಲ. ಮೇವು ಕತ್ತರಿಸಿ ತಾನೇ ತಿನ್ನುತ್ತಿದ್ದನೇನು?

ಗಾಯ ಮಾಯ್ದು ವಾಪಸು ಬಂದಾಗ ಅವನ ಜಾಗದಲ್ಲಿ ಬೇರೊಬ್ಬನಿದ್ದ. ಸಾಹುಕಾರ, “ಮನ್ಯಾಗ ಆದದ್ದಕ್ಕ ನಾ ಏನ್ ಮಾಡ್ಲೋ?” ಎಂದ. ತಾನೇ ಕಲಿಸಿದ ಸುಳ್ಳನ್ನು ಅವನ ಮುಖಕ್ಕೇ ಎಸೆದ. ಕಾಕಾ ನನ್ನ ಬೆಂಚಿನ ಮೇಲೆ ಬಂದು ಕೂತು, “ಬೆರಳ ಹೋದ್ರ ಹೋಗ್ಲಿ ಗಂಗವ್ವಾ. ಎಲ್ಲಿ ಹೋದೂ ಅನ್ನೂದರ ಖರೇ ಹೇಳ್ಬೇಕಲ್ಲ?” ಎಂದ.

ನಾನೇ ಅವನನ್ನು ಧಾರವಾಡದ ಕಾರ್ಮಿಕ ಕಚೇರಿಗೆ ಕರೆದುಕೊಂಡು ಹೋದೆ. ಕೆಲಸದಲ್ಲಿ ಕೈ ಹೋದರೆ ಪರಿಹಾರ ಕೇಳುವುದು ಹಮಾಲನ ಹಕ್ಕು, ಆದರೆ ಡಾಕ್ಟರಿಗೆ ಹೇಳಿದ್ದು ಅಡ್ಡ ಬರುತ್ತದೆ, ಕಂಡವರು ಬಂದು ಸಾಕ್ಷಿ ಹೇಳಲಿ ಎಂದರು. ಹಮಾಲರು ತಲೆ ತಗ್ಗಿಸಿದರು. ಕಾಕಾನ ಜೋಡಿಯಾಗಿ ಚೀಲ ಎತ್ತುತ್ತಿದ್ದ ಫಕ್ಕೀರಪ್ಪನೇ, “ನಮಗೂ ಹೊಟ್ಟಿ ಐತಿ ಕಾಕಾ” ಅಂದ. ಕೊನೆಗೆ ನಾನೊಬ್ಬಳೇ ಹೋಗಿ ಕಂಡದ್ದನ್ನು ಹೇಳಿ ಬಂದೆ. ಅಂದಿನಿಂದ ಗೋದಾಮಿನ ಹಮಾಲರು ನನ್ನಂಗಡಿಗೆ ಬರುವುದು ನಿಂತಿತು.

ಬಹಳ ಅಲೆದಾಟದ ಮೇಲೆ, ಕೈ ಹೋದದ್ದು ಗೋದಾಮಿನ ಕೆಲಸದಲ್ಲೇ, ಸಾಹುಕಾರ ಪರಿಹಾರ ಕೊಡಬೇಕು ಎಂದು ತೀರ್ಪಾಯಿತು. ಕಾಕಾ ಒಗೆದ ಅಂಗಿ ತೊಟ್ಟು ಬಂದು, “ಎಲ್ಲಾರಿಗೂ ಚಾ ಮಾಡವ್ವಾ” ಎಂದ. ಬೆಂಚಿನ ತುಂಬ ಗ್ಲಾಸು ಇಟ್ಟೆ. ಕಾಕಾ ರಸ್ತೆಯಂಚಿಗೆ ಹೋಗಿ ಕೂಗಿದ: “ಬರ್ರಿಲೇ, ಚಾ ಆರ್ತೈತಿ!”

ಗೋದಾಮಿನ ಬಾಗಿಲಲ್ಲಿ ಸಾಹುಕಾರ ನಿಂತಿದ್ದ. ಫಕ್ಕೀರಪ್ಪ ಒಂದು ಮೆಟ್ಟಿಲು ಇಳಿದ, ಹಿಂದಿರುಗಿ ನೋಡಿದ, ಮತ್ತೆ ಹತ್ತಿದ. ಯಾರೂ ಬರಲಿಲ್ಲ. ಗ್ಲಾಸುಗಳಲ್ಲಿ ಚಹಾ ಕೆನೆಗಟ್ಟಿತು.

“ಇರ್ಲಿ ಬಿಡು, ಇವತ್ತ ಔಷಧಾನ ಕುಡೀತೀನಿ” ಎಂದು ಕಾಕಾ ಎಡಗೈಯಲ್ಲಿ ಗ್ಲಾಸು ಎತ್ತಿ ಕುಡಿದು, ಮಿಶ್ರಿಕೋಟಿಯ ಮಗಳ ಮನೆಗೆ ಹೋಗಲು ಬಸ್ಸು ಹತ್ತಿದ. ಮತ್ತೆ ಈ ಕಡೆ ಬರಲಿಲ್ಲ.

ಅವನ ಜಾಗಕ್ಕೆ ಬಂದವನು ಬರೀ ಸೀಟಿ ಹೊಡೆಯುತ್ತಾನೆ. ಮೊನ್ನೆ ಒಂದು ಲಾರಿ ಹಿಂದಕ್ಕೆ ಬರುತ್ತಿತ್ತು, ಫಕ್ಕೀರಪ್ಪನ ಕೈ ಕಟ್ಟೆಯ ಅಂಚಿನಲ್ಲಿತ್ತು. ಕೆಟಲಿ ಕೆಳಗಿಟ್ಟು ಜೀವ ಹೋಗುವ ಹಾಗೆ ಕೂಗಿದೆ: “ಕೈ ತಗೀರಿ!”

ಎಲ್ಲರ ಕೈಗಳೂ ಒಮ್ಮೆಲೇ ಮೇಲೆದ್ದವು. ಎತ್ತಿದ ಕೈ ಎತ್ತಿದಂತೆಯೇ ಎಲ್ಲರೂ ಹುಡುಕಿದ್ದು ಲಾರಿಯ ಹಿಂಬದಿಯ ಮೂಲೆಯನ್ನು. ಅಲ್ಲಿ ಯಾರೂ ಇರಲಿಲ್ಲ.