ಮೊಮ್ಮಗಳ ಕಿವಿಯಲ್ಲಿ ಹೆಸರು ಹೇಳಿದವಳು

ನಾನು ನಾಲ್ಕನೇ ಇಯತ್ತೆ ಓದಿದವನು. ಸಾಂಗಲಿಯ ಅರಿಶಿನ ಪೇಟೆಯಲ್ಲಿ ಚೀಲ ಹೊತ್ತು ಬೆನ್ನು ಸವೆಸಿದೆ. ಈಗ ವಿಶ್ರಾಮಬಾಗದ ಮಗನ ಮನೆಯಲ್ಲಿ ಕೂತು ಮೊಮ್ಮಗಳ ಅಂಗಾಲು ಮುಟ್ಟಿ ಮುಟ್ಟಿ ನೋಡುವುದೇ ಕೆಲಸ. ನನ್ನ ಹೆಬ್ಬೆರಳಿನಷ್ಟು ಇದೆ, ಅಷ್ಟೇ! ಅವಳು ಹುಟ್ಟಿದ ದಿನ ಮಿರಜದ ದವಾಖಾನೆಯಲ್ಲಿ ಲಿಫ್ಟಿನವನಿಗೆ ಎರಡು ಸಲ ಪೇಢೆ ಕೊಟ್ಟೆನೆಂದು ಹೆಂಡತಿ ಬೈದಳು. ಬೈಯಲಿ ಬಿಡಿ.

ಇಂಥ ಸಂತೋಷದೊಳಗೂ ರಾಜಕಾರಣ ಬಂದು ಕೂತಿತು.

ನಮ್ಮಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ಈ ಕೂಸಿಗೆ ಇರುವವಳು ಒಬ್ಬಳೇ, ನನ್ನ ಮಗಳು. ಅವಳ ಗಂಡ ತೀರಿಕೊಂಡಿದ್ದಾನೆ. ತಮ್ಮನ ಮದುವೆಯಲ್ಲಿ ಅರಿಶಿನ ಹಚ್ಚುವ ಹೊತ್ತಿಗೆ ಅವಳು ಅಡುಗೆಮನೆಯಲ್ಲಿ ನಿಂತಿದ್ದಳು. ಹೊರಗೆ ಬಾ ಎಂದು ನಾನು ಕರೆಯಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ. ಈ ಸಲ ಅವಳೇ ಹೆಸರು ಹೇಳಬೇಕೆಂದು ಮನೆಯವರಿಗೆಲ್ಲ ಮೊದಲೇ ಹೇಳಿದ್ದೆ.

ತೊಟ್ಟಿಲ ದಿನ, ಕರೆಯದಿದ್ದರೂ, ಪಾಲಿಕೆ ಚುನಾವಣೆಗೆ ನಿಂತಿದ್ದ ನಮ್ಮ ಓಣಿಯ ಹೆಂಗಸೊಬ್ಬಳು ಬಂದಳು. ಮರಾಠಿ ರೂಢಿಯಂತೆ ಓಣಿಗೆಲ್ಲ ಅವಳು ‘ಬಾಯಿ’. ವಾರ್ಡು ಹೆಂಗಸರಿಗೆ ಮೀಸಲಾಗಿತ್ತು. ಪ್ರಚಾರದ ಚೀಟಿಯಲ್ಲಿ ಅವಳ ಫೋಟೋಗಿಂತ ಗಂಡನ ಫೋಟೋ ದೊಡ್ಡದು. ಆ ಪಕ್ಷಕ್ಕೆ ಇಷ್ಟು ವರ್ಷ ನಾನೂ ವೋಟು ಹಾಕಿದ್ದೇನೆ. ಹಿರಿಯರ ರೀತಿ ಉಳಿಸುತ್ತೇವೆ ಎನ್ನುತ್ತಿದ್ದರು, ನನಗೂ ಹಿತವಾಗಿತ್ತು.

ಮಗಳು ತೊಟ್ಟಿಲಿಗೆ ಬಾಗಿದ್ದೇ ತಡ, ಬಾಯಿ ಬಾಯಿ ತೆರೆದಳು.

"ಕಾಕಾ, ಇದು ಚಲೋ ಕಾಣೂದಿಲ್ರಿ. ದೂರದ ಪೈಕಿ ಯಾರಾರ ಮುತ್ತೈದಿ ಅತ್ತಿ ಇದ್ರ ಕರೀರಿ. ಇಲ್ಲಾಂದ್ರ ನಾನ ಹೇಳ್ತೇನಿ."

"ನೀವು ಯಾವ ಕಡಿಂದ ಅತ್ತಿ ಆದ್ರಿ?" ಎಂದೆ.

ಹೆಂಗಸರು ಸೆರಗು ಅಡ್ಡ ಹಿಡಿದು ನಕ್ಕರು.

"ಸಂಪ್ರದಾಯ ಅಂತ ಒಂದು ಐತ್ರಿ. ನಮ್ಮ ಪಕ್ಷ ಅದನ್ನ ಬಿಡೂದಿಲ್ಲ."

"ಸೋದರತ್ತಿ ಹೆಸರು ಹೇಳೂದೂ ಸಂಪ್ರದಾಯನ. ಅದನ್ಯಾಕ ಬಿಡಸ್ತೀರಿ? ಓಣಿ ಓಣಿ ತಿರಗಿ ವೋಟ ಕೇಳಾಕತ್ತೀರಿ, ನಿಮ್ಮತ್ತಿ ಹಿಂಗ ತಿರಗಿದ್ರೇನು?"

"ಅದು ಕಾಲಕ್ಕ ತಕ್ಕಂಗ್ರಿ."

"ನಿಮ್ಮ ಕುರ್ಚಿಗೆ ಕಾಲ ಬದಲಾತು. ನನ್ನ ಮಗಳಿಗೆ ಬದಲಾಗಲಿಲ್ಲ, ಹೌದಿಲ್ರಿ?"

ಅಷ್ಟರಲ್ಲಿ ಮಗಳೇ ಹಿಂದೆ ಸರಿದಳು. "ಅಪ್ಪಾ, ಬಿಡು. ನಾಳೆ ಕೂಸಿಗೆ ಏನಾರ ಆದ್ರ ನನ್ನ ಮ್ಯಾಲ ಬರ್ತೈತಿ."

ನನಗೆ ಮೈಯೆಲ್ಲ ಉರಿಯಿತು. ಪಕ್ಷಗಳು ಹಳೆಯದನ್ನು ಗಟ್ಟಿಯಾಗಿ ಹಿಡಿಯಬೇಕೋ ಬೇಡವೋ ಎಂದು ಟಿವಿಯಲ್ಲಿ ದಿನಾ ಕಚ್ಚಾಡುತ್ತಾರೆ. ಇವರು ಗಟ್ಟಿಯಾಗಿ ಹಿಡಿಯುವುದು ಬೇರೆಯವರ ಮನೆಯ ಹೆಣ್ಣುಮಕ್ಕಳ ಕುತ್ತಿಗೆಯನ್ನು. ಅಣ್ಣನ ಹಾಗೆ, ತಮ್ಮನ ಹಾಗೆ ಬಂದು ಕೈಮುಗಿಯುತ್ತಾರೆ. ಹೋಗುವಾಗ ನನ್ನ ಮಗಳ ಎದೆಯಲ್ಲಿ ಇಂಥ ಹೆದರಿಕೆ ಬಿಟ್ಟು ಹೋಗುತ್ತಾರೆ. ಹಾಳಾಗಿ ಹೋಗಲಿ ಇವರ ಸಂಪ್ರದಾಯ!

ನಾನು ಬೈಯುವ ಮೊದಲೇ ಸೊಸೆ ಎದ್ದಳು. ಹನ್ನೆರಡು ದಿನದ ಬಾಣಂತಿ. ಕೂಸನ್ನು ಎತ್ತಿ ನನ್ನ ಮಗಳ ಮಡಿಲಿಗೆ ಹಾಕಿದಳು.

"ಅಕ್ಕಾ, ನೀವು ಹೇಳದಿದ್ರ ನನ್ನ ಮಗಳು ಹೆಸರಿಲ್ಲದನ ಇರಲಿ."

ಮಗಳು ತುಟಿ ಕಚ್ಚಿಕೊಂಡಳು. ಆಮೇಲೆ ಕೂಸಿನ ಕಿವಿಯಲ್ಲಿ, ರೂಢಿಯಂತೆ ಮೊದಲು ಕುರ್ರ್ ಎಂದು ಸದ್ದು ಮಾಡಿ, ಹೆಸರು ಹೇಳಿದಳು.

ಹೆಸರು ಹೇಳಿದ ಅತ್ತೆಯ ಬೆನ್ನಿಗೆ ಹೆಂಗಸರೆಲ್ಲ ಗುದ್ದಬೇಕು, ಅದು ಚೇಷ್ಟೆಯ ರೀತಿ. ಯಾರ ಕೈಯೂ ಏಳಲಿಲ್ಲ. ಎಲ್ಲರೂ ಬಾಯಿಯ ಮುಖ ನೋಡುತ್ತಿದ್ದರು. ಮೊದಲ ಗುದ್ದು ಸೊಸೆಯದು. ಎರಡನೆಯದು ನನ್ನ ಹೆಂಡತಿಯದು. ಆಮೇಲೆ ನೋಡಬೇಕಿತ್ತು ನೀವು!

"ಎವ್ವಾ, ಸಾಕ ಮಾಡ್ರೆ, ಸಾಯ್ತೇನಿ!" ಎಂದು ಮಗಳು ಕಿರುಚಿದಳು. ಅಳುತ್ತಿದ್ದಳೋ ನಗುತ್ತಿದ್ದಳೋ.

ಬಾಯಿ, ತೊಟ್ಟಿಲಿಗೆಂದು ಬೇಯಿಸಿ ಹಂಚಿದ ಕಾಳಿನ ಗುಗ್ಗರಿ ಮುಟ್ಟದೆ ಎದ್ದಳು. ಬಾಗಿಲಲ್ಲಿ ಚೀಟಿ ಚಾಚಿದಳು. "ವೋಟ ಮರೀಬ್ಯಾಡ್ರಿ ಕಾಕಾ."

"ಇವತ್ತಿಂದು ಏನೂ ಮರಿಯೂದಿಲ್ಲ," ಎಂದೆ.

ಒಳಗೆ ಇನ್ನೂ ಗುದ್ದುತ್ತಲೇ ಇದ್ದರು.