ಭಾವನ ಹತ್ತು ಕಿಲೋ ಬಟ್ಟು

ನಮ್ಮ ಭಾವ ತಕ್ಕಡಿ ರಿಪೇರಿಯವರು. ಮೂವತ್ತು ವರ್ಷ ಅಂಗಡಿ ಅಂಗಡಿ ಸುತ್ತಿ, ತಟ್ಟೆಯಡಿ ಅಂಟಿಸಿದ ಮೇಣ, ಅಯಸ್ಕಾಂತಗಳನ್ನು ಕಿತ್ತು ಕಿತ್ತು, ಮನುಷ್ಯಜಾತಿಯ ಮೇಲೆ ಅವರಿಗಿದ್ದ ನಂಬಿಕೆ ಗ್ರಾಂ ಗ್ರಾಂ ಆಗಿ ಸವೆದುಹೋಗಿತ್ತು. ಅಕ್ಕ ಕೊಟ್ಟ ಚಹಾವನ್ನೂ ಮೂಸಿ ನೋಡಿಯೇ ಕುಡಿಯುವವರು. ನಾನು ತದ್ವಿರುದ್ಧ. ಬಿಟ್ಟಿ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು ಎನ್ನುವ ಪೈಕಿ.

ಎರಡು ತಿಂಗಳಾದರೂ ಭಾವನ ಕಾಲ್ಬೆರಳಿನ ಹುಣ್ಣು ಮಾಯಲಿಲ್ಲ. ಪಕ್ಕದ ಬೀದಿಯ ಬಡಗಿಗೂ ಹೀಗೆಯೇ ಶುರುವಾಗಿ, ಸಕ್ಕರೆ ಕಾಯಿಲೆಯಿಂದ ಕೊನೆಗೆ ಪಾದವೇ ಹೋಗಿತ್ತು. ಆಗಲೇ ಯಾವುದೋ ಸೇವಾ ಸಂಸ್ಥೆಯವರು ಸೋಮವಾರ ಸೋಮವಾರ ಶಾಲೆಯಂಗಳಕ್ಕೆ ವ್ಯಾನು ತಂದು, ಪುಕ್ಕಟೆಯಾಗಿ ರಕ್ತದ ಸಕ್ಕರೆ ನೋಡಿ ಔಷಧಿ ಕೊಡತೊಡಗಿದ್ದರು. ಭಾವನನ್ನು ಕರೆದೊಯ್ಯುವ ಹೊಣೆಯನ್ನು ಅಕ್ಕ ನನ್ನ ತಲೆಗೆ ಕಟ್ಟಿದಳು.

"ಪುಕ್ಕಟೆ ಯಾಕೆ ಕೊಡ್ತಾರೆ ಅಂತ ಯೋಚನೆ ಮಾಡಿದ್ಯಾ?" ಎಂದರು ಭಾವ.

"ಯಾರೋ ದಾನಿಗಳು ಕೊಡಿಸ್ತಾರಂತೆ."

"ದಾನಿಗಳಿಗೆ ನನ್ನ ರಕ್ತ ಯಾಕಪ್ಪಾ?"

ಅಲ್ಲಿ ಬಿಸ್ಕತ್ತು ಕೊಡುತ್ತಾರೆಂಬುದಷ್ಟೇ ನಾನು ಕಲೆಹಾಕಿದ್ದ ಮಾಹಿತಿ.

ಅಕ್ಕನ ಒತ್ತಾಯಕ್ಕೆ ಹೊರಡುವಾಗ ಭಾವ ಚೀಲಕ್ಕೆ ಹತ್ತು ಕಿಲೋ ತೂಕದ ಬಟ್ಟು ಹಾಕಿದರು. ಹೊತ್ತವನು ನಾನು. ಅವರಿಗೆ ಕಾಲು ನೋವಲ್ಲವೇ.

ಅಂಗಳದಲ್ಲಿ ಸರದಿ ಬಂದಾಗ ಭಾವ ತೂಕದ ಯಂತ್ರ ಹತ್ತಲಿಲ್ಲ, ಬಟ್ಟು ಹತ್ತಿಸಿದರು. ಮುಳ್ಳು ಹನ್ನೊಂದಕ್ಕೆ ಹೋಗಿ ನಿಂತಿತು.

"ನೋಡ್ರಪ್ಪಾ, ಹತ್ತು ಕಿಲೋಗೆ ಒಂದು ಕಿಲೋ ಸುಳ್ಳು. ಇನ್ನು ಸಕ್ಕರೆ ವಿಷಯದಲ್ಲಿ ಎಷ್ಟು ಹೇಳ್ತಾರೋ."

ಸಾಲಿನಿಂದ ಇಬ್ಬರು ಹೆಂಗಸರು ಮೆಲ್ಲಗೆ ಕಳಚಿಕೊಂಡರು. ನರ್ಸಮ್ಮ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಅಷ್ಟು ಗೊತ್ತಿದ್ರೆ ಸರಿ ಮಾಡಿಕೊಡಿ ಅಣ್ಣಾ. ಬಾಯಿ ಮಾಡಿದ್ರೆ ಮುಳ್ಳು ಸರಿಯಾಗುತ್ತಾ?"

ಭಾವ ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಜೇಬಿನ ಸ್ಕ್ರೂಡ್ರೈವರಿನಿಂದ ಯಂತ್ರದ ಹೊಟ್ಟೆ ಬಿಚ್ಚಿದರು. ಒಳಗಿನ ತಿರುಪೊಂದು ಸಡಿಲವಾಗಿತ್ತು. ಬಿಗಿ ಮಾಡಿ ಬಟ್ಟು ಇಟ್ಟರೆ, ಸರಿಯಾಗಿ ಹತ್ತು.

"ಎಷ್ಟು ಕೊಡಬೇಕು?"

"ಏನೂ ಬೇಡ."

ನರ್ಸಮ್ಮ ಕಣ್ಣು ಕಿರಿದು ಮಾಡಿದಳು. "ಪುಕ್ಕಟೆ ಯಾಕೆ ಮಾಡಿಕೊಟ್ರಿ? ಇದರಲ್ಲೇನೋ ಇದೆ."

ಭಾವ ತಬ್ಬಿಬ್ಬಾದರು. "ಏನಿರುತ್ತೆ ತಾಯಿ? ತಪ್ಪು ತೂಕ ನೋಡಿ ಸುಮ್ನಿರೋಕಾಗಲ್ಲ, ಅಷ್ಟೇ."

"ನಂಗೂ ನೀವು ಕುಂಟ್ತಾ ಬಂದಿದ್ದು ನೋಡಿ ಸುಮ್ನಿರೋಕಾಗಲ್ಲ. ಬೆರಳು ಕೊಡಿ."

ಭಾವನ ಕೈ ಅರ್ಧ ದಾರಿಯಲ್ಲಿ ನಿಂತಿತು. "ಈ ಸಕ್ಕರೆ ಮೆಷಿನ್ನು ಸರಿಯಿದೆ ಅನ್ನೋದಕ್ಕೆ ಬಟ್ಟು ಎಲ್ಲಿ?" ಎಂದು ಸುತ್ತ ನೋಡಿದರು. ಅವರ ದೃಷ್ಟಿ ಬಿಸ್ಕತ್ತಿನ ತಟ್ಟೆಯ ಪಕ್ಕ ನಿಂತಿದ್ದ ನನ್ನ ಮೇಲೆ ಬಂದು ಕೂತಿತು. "ಮೊದಲು ಇವನಿಗೆ ಚುಚ್ಚಿ."

ನಾನು ಸಿಹಿ ಬಿಟ್ಟು ವರ್ಷವಾಯಿತೆಂದು ಮನೆಯಲ್ಲೆಲ್ಲ ಸಾರಿಕೊಂಡಿದ್ದೆ. ನರ್ಸಮ್ಮ ಓದಿದಳು: "ಮುನ್ನೂರ ಹತ್ತು."

"ಮೆಷಿನ್ನು ಕೆಟ್ಟಿದೆ ಭಾವ," ಎಂದೆ.

"ಇಲ್ಲ ಬಿಡು, ಸರಿಯಾಗೇ ಇದೆ," ಎಂದರು ಭಾವ. "ನೀನು ಅಡುಗೆಮನೆ ಸಕ್ಕರೆ ಡಬ್ಬಿಗೆ ಕೈ ಹಾಕೋದನ್ನ ಕಣ್ಣಾರೆ ಕಂಡಿದೀನಿ."

ಆಮೇಲೆ ಸ್ಟೂಲಿನ ಮೇಲೆ ಕೂತು, ಬೆರಳು ಚುಚ್ಚಿಸಿಕೊಂಡು, ಹುಣ್ಣಿಗೆ ಸುತ್ತಿದ್ದ ಬಟ್ಟೆಯನ್ನು ತಾವಾಗಿಯೇ ಬಿಚ್ಚಿ ಕಾಲು ಮುಂದೆ ಚಾಚಿದರು.

"ಸ್ವಲ್ಪ ತಡವಾಯ್ತು. ತಪ್ಪದೆ ಬಂದ್ರೆ ಕಾಲ್ಬೆರಳು ಉಳಿಯುತ್ತೆ," ಎಂದಳು ನರ್ಸಮ್ಮ.

ಈಗ ಪ್ರತಿ ಸೋಮವಾರ ಇಬ್ಬರೂ ಹೋಗುತ್ತೇವೆ. ಅವರ ಹುಣ್ಣು ಒಣಗುತ್ತಿದೆ, ನನ್ನ ಬಿಸ್ಕತ್ತು ನಿಂತಿದೆ. ಬಟ್ಟು ಮಾತ್ರ ಬಿಟ್ಟು ಬರುವುದಿಲ್ಲ. "ತಿರುಪು ಮತ್ತೆ ಸಡಿಲ ಆಗಿರಬಹುದು," ಎನ್ನುತ್ತಾರೆ ಭಾವ, ಚೀಲವನ್ನು ನನ್ನ ಹೆಗಲಿಗೆ ಏರಿಸುತ್ತ.